ಬಾವಿ ಏಳು, ಅಡಿಟಿಪ್ಪಣಿ

ಕೋಡಿಬಾಗದ ಹಳೆ ಐಸ್ ಕಾರ್ಖಾನೆಯಲ್ಲಿ
ಈಗ ಕಲ್ಲುಗಳಿವೆ.
ಉದ್ದುದ್ದ ಪೆಟ್ಟಿಗೆ, ಪೆಟ್ಟಿಗೆಗೆ ಐದು ಸಾಲು,
ನೆಲದೊಳಗಿಂದ ಬಾಳೆದಿಂಡಿನ ಹಾಗೆ
ಎಳೆದು ತೆಗೆದ ಗ್ರಾನೈಟು;
ಇನ್ನೂರು ಮೀಟರು ಕೆಳಗಿನ ಕತ್ತಲಿಗೆ
ಬಿಳಿ ಪೇಂಟಿನ ನಂಬರು.

ಗುಡ್ಡದ ಹೊಟ್ಟೆಯಲ್ಲಿ ಗ್ಯಾಸು ತುಂಬಿಡಬಹುದೇ ಎಂದು
ನಾಲ್ಕು ವರ್ಷ ಕೇಳಿದೆವು.
ಕಲ್ಲು ಬಾಯಿ ಬಿಡುವ ಮೊದಲೇ ದುಡ್ಡು ಮುಗಿಯಿತು.
ರಿಗ್ಗು ಹೋಯಿತು, ಜೀಪು ಹೋಯಿತು,
ಉಳಿದದ್ದು ನಾನು, ಒಂದು ಫ್ಯಾನು,
ಮತ್ತು ಒಂದು ಸಾಲಿನ ಆದೇಶ:
ಅಂಕಿಅಂಶಗಳನ್ನೆಲ್ಲ ಕೇಳಿದವರಿಗೆ ಸಿಗುವಂತೆ ಇಡತಕ್ಕದ್ದು.

ಕೊಡುವುದೇನು ಮಹಾ ಅಂದುಕೊಂಡಿದ್ದೆ.
ನೆಂಟರಿಗೆ ಮನೆ ತೋರಿಸುವಾಗ
ಬಚ್ಚಲ ಬಾಗಿಲು ಎಳೆದುಕೊಳ್ಳುತ್ತೇವಲ್ಲ,
ಹಾಗಲ್ಲ ಇದು.
ಬಚ್ಚಲನ್ನೂ ತೋರಿಸಬೇಕು,
ಹಂಡೆ ಯಾವತ್ತು ಒಡೆಯಿತೆಂದು ತಾರೀಖು ಹಾಕಿ.
ಬಾವಿ ಮೂರರಲ್ಲಿ ಮಾಪಕವೇ ಸುಳ್ಳು ಹೇಳುತ್ತಿತ್ತು, ಬರೆದೆ.
ಬಾವಿ ಐದರ ಹನ್ನೆರಡನೇ ಪೆಟ್ಟಿಗೆ
ಲಾರಿಯಿಂದ ಬಿದ್ದು ತುಂಡುಗಳು ಹಿಂದುಮುಂದಾಗಿವೆ, ಬರೆದೆ.
ಎತ್ತಿ ಜೋಡಿಸಿದವಳು ನಾನೇ.
ಅದನ್ನೂ ಬರೆದೆ, ಎರಡು ದಿನ ಬಿಟ್ಟು.

ಆಮೇಲೆ ಬಾವಿ ಏಳು.
ಮಾಜಾಳಿ ಕಡೆ, ಕಡಲಿಗೆ ಎಲ್ಲಕ್ಕಿಂತ ಹತ್ತಿರದ್ದು.
ಅದರ ಒತ್ತಡದ ಗೆರೆ
ಸಣ್ಣಗೆ ಏರುತ್ತದೆ, ಸಣ್ಣಗೆ ಇಳಿಯುತ್ತದೆ,
ನಿದ್ದೆಹೋದ ಮಗುವಿನ ಹೊಟ್ಟೆ.
ಹೊರಗೆ ಸಮುದ್ರ ಉಬ್ಬಿದರೆ
ಒಳಗೆ ಕಲ್ಲಿನ ಬಿರುಕಿನ ನೀರಿಗೂ ಗೊತ್ತಾಗುತ್ತದೆ.
ಜನವರಿ ಹದಿನಾಲ್ಕರ ರಾತ್ರಿ ಮಾತ್ರ
ಅರ್ಧ ತಾಸಿಗೊಂದರಂತೆ ಹನ್ನೊಂದು ತಾಸು
ಆರು ಪಾಯಿಂಟ್ ಎರಡು, ಆರು ಪಾಯಿಂಟ್ ಎರಡು,
ಮರ್ಯಾದೆಗೆಂದು ನಡುವೆ ಒಂದು ಆರು ಪಾಯಿಂಟ್ ಮೂರು.
ಒಂದೇ ಪೆನ್ನು. ಒಂದೇ ಉಸಿರು.
ಆ ರಾತ್ರಿಗೆ ಉಬ್ಬರವಿಲ್ಲ, ಇಳಿತವಿಲ್ಲ.
ಕೊನೆಗೆ ಸಹಿ: ಮಂಕಾಳು ಹರಿಕಂತ್ರ.

ಬೈತಖೋಲಿನಲ್ಲಿ ಸಿಕ್ಕ, ಬಲೆ ಹೊಲಿಯುತ್ತಿದ್ದ.
ಕಾಗದ ನೋಡಿದ. ಮತ್ತೆ ನೋಡಿದ. ನಕ್ಕೇಬಿಟ್ಟ.
“ಭರತಿ ಹಾಕೂದೇ ಮರ್ತೆ ನೋಡಿ, ಬಾಯೋರೇ.
ಹರಿಕಂತ್ರ ಆಗಿ.”
ಆಮೇಲೆ ನಗಲಿಲ್ಲ.
ಮಗಳಿಗೆ ಅವತ್ತು ನೋವು ಬಂದಿತ್ತಂತೆ,
ಕಾಳಿ ಸೇತುವೆ ದಾಟಿ, ಆಟೋದಲ್ಲಿ, ಸರ್ಕಾರಿ ಆಸ್ಪತ್ರೆ.
ಬೆಳಗಿನ ಐದಕ್ಕೆ ಹೆಣ್ಣು.
ಸಂಬಳ ಹಿಡಿಯುತ್ತಾರೆಂದು ಬಂದವನೇ ಪುಟ ತುಂಬಿಸಿದ.

ಹರಿದು ಹಾಕಿ ಅನ್ನುತ್ತಾನೆಂದು ಕಾದೆ.
ಅವನು ಅಪ್ಪನ ಸುದ್ದಿ ತೆಗೆದ.
ಕೂರ್ಮಗಡದಾಚೆ ಎಲ್ಲೋ ಒಂದು ಕಡೆ
ತಳದಿಂದ ಗುಳ್ಳೆ ಏಳುತ್ತದಂತೆ, ಅನ್ನ ಕುದಿದ ಹಾಗೆ,
ಸುತ್ತ ಮೀನೋ ಮೀನು.
ಯಾವ ಗುಡ್ಡಕ್ಕೆ ಯಾವ ಮರ ಕೂಡಿದರೆ ಆ ಜಾಗ,
ಅಪ್ಪನೊಬ್ಬನಿಗೇ ಗೊತ್ತು. ಮಗನಿಗೂ ಹೇಳದೆ ಹೋದ.
“ಜಾಗ ಅಲ್ಲೇ ಅದೆ. ನಂಗೆ ಸಿಕ್ಕೂದಿಲ್ಲ.”
ನೂಲನ್ನು ಹಲ್ಲಲ್ಲಿ ಕಡಿದ.
“ಬರ್ಕಳಿ ನೀವು. ಮೊಮ್ಮಗಳು ಹುಟ್ಟಿದ್ದೂ ಬರ್ಕಳಿ.”

ಇಪ್ಪತ್ತೆರಡು ಮನೆ ಖಾಲಿ ಬಿಟ್ಟೆ.
ಕಂಪ್ಯೂಟರು ತಾನಾಗಿ ಅಲ್ಲೆಲ್ಲ ಸೊನ್ನೆ ಇಡುತ್ತದೆ,
ಮೂರು ಸಲ ಅಳಿಸಿದೆ.
ಸೊನ್ನೆ ಎಂದರೆ ನೋಡಿದೆವು, ಏನೂ ಇರಲಿಲ್ಲ.
ಇದು ನೋಡದೇ ಇದ್ದದ್ದು.

ಅಡಿಯಲ್ಲಿ ಬರೆದೆ: ಹದಿನಾಲ್ಕರ ರಾತ್ರಿ ಅಳತೆ ತೆಗೆದಿಲ್ಲ.
ಪುಸ್ತಕದಲ್ಲಿರುವ ಅಂಕಿಗಳು ಆಮೇಲೆ ತುಂಬಿದವು, ಬಳಸಬೇಡಿ.
ಅಳೆಯುವವರು ಹೆರಿಗೆ ವಾರ್ಡಿನ ಹೊರಗಿದ್ದರು.
ಹೆಸರು ಹಾಕಲಿಲ್ಲ.
ಮಗುವಿನ ತೂಕ ಗೊತ್ತಿತ್ತು, ಎರಡು ಕಿಲೋ ಏಳುನೂರು;
ಅದಕ್ಕೆ ಕಾಲಂ ಇರಲಿಲ್ಲ.

ಫೈಲು ಹೋಗುತ್ತಿದೆ, ತೆವಳಿಕೊಂಡು.
ಯಾವುದೋ ಊರಿನಲ್ಲಿ, ಉಪ್ಪಿನ ಗಣಿಯಲ್ಲೋ
ಪದರುಗಲ್ಲಿನ ಸಂದಿಯಲ್ಲೋ ಗ್ಯಾಸು ಹುಡುಕುವವರೊಬ್ಬರು
ಇದನ್ನು ತೆರೆದಾರು. ಖಾಲಿ ಮನೆಗಳ ಹತ್ತಿರ
ಒಂದು ಗಳಿಗೆ ನಿಂತಾರು,
ನಿಲ್ಲದೆಯೂ ದಾಟಿಯಾರು.

ಶೇಕಡಾ ಅರವತ್ತೆರಡಕ್ಕೆ ಕರೆಂಟು ಹೋಯಿತು.
ನಾಳೆ ಮತ್ತೆ ಮೊದಲಿಂದ.